ಬಂದು ಹೋದವರು, ನೆಲೆ ನಿಂತವರು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಧರ್ಮಸಂಚಾರಗಳ ಫಲವಿಚಾರ

ಪೀಠಿಕೆ

ಒಂದು ಜನಸಮುದಾಯದ ಹಿತವನ್ನು ಬಯಸಿ ಹೊರಗಿನಿಂದ ಬರುವುದು, ಕೆಲವು ದಿನ ಅಲ್ಲಿದ್ದು ಬೋಧನೆಯನ್ನೋ ಸೇವೆಯನ್ನೋ ಮಾಡುವುದು, ಅನಂತರ ತಮ್ಮ ನೆಲೆಗೆ ಹಿಂತಿರುಗುವುದು ಬಹು ಪ್ರಾಚೀನವಾದ ರೂಢಿ. ಅದನ್ನು ಧರ್ಮಯಾತ್ರೆ, ಚರಸಂಚಾರ, ಸುವಾರ್ತಾ ಪ್ರವಾಸ, ಸೇವಾ ಶಿಬಿರ, ಜಾಗೃತಿ ಅಭಿಯಾನ ಎಂದು ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳಿಂದ ಕರೆಯಲಾಗಿದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ಪಾಶ್ಚಾತ್ಯ ಕ್ರೈಸ್ತ ಸಭೆಗಳು ಒಂದೆರಡು ವಾರಗಳ ಮಟ್ಟಿಗೆ ತಮ್ಮ ಸದಸ್ಯರನ್ನು ಬಡ ದೇಶಗಳಿಗೆ ಕಳುಹಿಸುವ ಪದ್ಧತಿ ವ್ಯಾಪಕವಾದ ಮೇಲೆ, ಇಂತಹ ಅಲ್ಪಾವಧಿಯ ಸಂಚಾರಗಳಿಂದ ಭೇಟಿಗೊಳಗಾದ ಜನರಿಗೆ ನಿಜವಾಗಿಯೂ ಉಪಕಾರವಾಗುತ್ತದೆಯೇ ಎಂಬ ಪ್ರಶ್ನೆ ಗಂಭೀರ ಚರ್ಚೆಗೆ ಬಂದಿತು. ಆದರೆ ಪ್ರಶ್ನೆ ಹೊಸದಲ್ಲ. ಕರ್ನಾಟಕದ ಮಟ್ಟಿಗೆ ಅದರ ಅತ್ಯಂತ ಪ್ರಾಚೀನ ಲಿಖಿತ ಸಾಕ್ಷ್ಯಗಳಲ್ಲಿ ಮೂರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲಿವೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು, ಮೌರ್ಯರ ಕಾಲದಿಂದ ಈಚಿನವರೆಗೆ ಇಲ್ಲಿಗೂ ಇದರ ನೆರೆಯ ಪ್ರದೇಶಗಳಿಗೂ ಬಂದುಹೋದ ಹಿತಚಿಂತಕರ ಸಂಚಾರಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಬಂದವರ ಸದುದ್ದೇಶವನ್ನು ಅಳೆಯುವುದು ಇಲ್ಲಿಯ ಗುರಿಯಲ್ಲ. ಅವರು ಹೋದ ಮೇಲೆ ಊರಿನಲ್ಲಿ ಏನು ಉಳಿಯಿತು, ಏಕೆ ಉಳಿಯಿತು ಎಂಬುದಷ್ಟೇ ವಿಚಾರಣೀಯ.

ಸೀಮೆಯ ಸ್ವರೂಪ

ಈ ಎರಡು ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ವೇದಾವತಿ ಅಥವಾ ಹಗರಿ ಮತ್ತು ಚಿನ್ನಹಗರಿ ಇಲ್ಲಿಯ ಹೊಳೆಗಳು. ಕಲ್ಲುಬಂಡೆಗಳ ಗುಡ್ಡಗಳು, ಕುರುಚಲು ಕಾಡು, ದನಕುರಿಗಳಿಗೆ ಮೀಸಲಾದ ಕಾವಲುಗಳು ಇಲ್ಲಿಯ ಭೂಲಕ್ಷಣ. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಈ ಸೀಮೆಯ ಎರಡು ಮುಖ್ಯ ಪಶುಪಾಲಕ ಸಮುದಾಯಗಳು. ಮ್ಯಾಸಬೇಡರ ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರ ಹಟ್ಟಿಗಳು, ಕ್ಯಾತೆದೇವರ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆ ಇವೆಲ್ಲ ಲಿಖಿತ ಶಾಸನವಿಲ್ಲದೆಯೇ ಕಟ್ಟುನಿಟ್ಟಾಗಿ ನಡೆದುಬಂದ ವ್ಯವಸ್ಥೆಗಳು. ಹೊರಗಿನಿಂದ ಬಂದ ಬೋಧಕರಿಗೆ ಈ ನೆಲ ಖಾಲಿ ಹಲಗೆಯಾಗಿರಲಿಲ್ಲ ಎಂಬ ಅಂಶವನ್ನು ಮೊದಲೇ ನೆನಪಿಡುವುದು ಅಗತ್ಯ.

ಇಸಿಲದ ಮಹಾಮಾತ್ರರಿಗೆ ಬಂದ ಆದೇಶ

ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ. ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯರ ಆಡಳಿತ ದಕ್ಷಿಣದಲ್ಲಿ ಎಲ್ಲಿಯವರೆಗೆ ಹರಡಿತ್ತು ಎಂಬುದಕ್ಕೆ ಈ ಶೋಧವು ದೃಢವಾದ ಆಧಾರ ಒದಗಿಸಿತು. ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದುದು ಇದಾದ ಎಷ್ಟೋ ವರ್ಷಗಳ ಮೇಲೆ.

ಈ ಶಾಸನಗಳ ಆರಂಭವೇ ಗಮನಾರ್ಹವಾಗಿದೆ. ಆದೇಶವು ನೇರವಾಗಿ ಸಾಮ್ರಾಟನಿಂದ ಬಂದುದಲ್ಲ; ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಅನಂತರ ದೇವಾನಾಂಪ್ರಿಯನ ಮಾತನ್ನು ತಿಳಿಸುತ್ತಾರೆ. ಇಸಿಲವನ್ನು ಬ್ರಹ್ಮಗಿರಿ–ಸಿದ್ದಾಪುರದ ಪ್ರಾಚೀನ ನೆಲೆಯೊಂದಿಗೆ ಗುರುತಿಸಲಾಗಿದೆ. ತಾನು ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲದಿಂದ ಉಪಾಸಕನಾಗಿದ್ದರೂ ಮೊದಲು ಅಷ್ಟಾಗಿ ಶ್ರಮಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲಿನ ಒಂದು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ತೀವ್ರವಾಗಿ ಶ್ರಮಿಸಿದ್ದೇನೆಂದೂ ಅರಸ ಹೇಳಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ದೊರೆಯಬಲ್ಲದು. ಗಡಿಯ ಜನರೂ ಇದನ್ನು ತಿಳಿಯಲಿ ಎಂಬುದು ಆದೇಶದ ತಾತ್ಪರ್ಯ.

ಇದೇ ಶಾಸನದ ಕೊನೆಯಲ್ಲಿ ‘ವ್ಯುಥ’ ಎಂಬ ಪದದೊಡನೆ 256 ಎಂಬ ಸಂಖ್ಯೆ ಬರುತ್ತದೆ. ಇದು ಬುದ್ಧನ ಪರಿನಿರ್ವಾಣದಿಂದ ಸಂದ ವರ್ಷಗಳ ಎಣಿಕೆಯೆಂದು ಬ್ಯೂಲರ್ ಮೊದಲಾದ ಹಿಂದಿನ ವಿದ್ವಾಂಸರು ಭಾವಿಸಿದ್ದರು. ಆದರೆ ಬಿಹಾರದ ಸಹಸ್ರಾಮ್ ಶಾಸನದ ಪಾಠದಲ್ಲಿ ಈ ಸಂಖ್ಯೆಯ ಜೊತೆಗೆ ರಾತ್ರಿ ಎಂಬ ಅರ್ಥದ ಪದವಿರುವುದರಿಂದ, ಇದು ಅರಸನು ಅರಮನೆಯಿಂದ ಹೊರಗೆ ಸಂಚಾರದಲ್ಲಿ ಕಳೆದ 256 ರಾತ್ರಿಗಳನ್ನು ಸೂಚಿಸುತ್ತದೆ ಎಂಬ ಅಭಿಪ್ರಾಯವೇ ಈಗ ಬಹುಮಟ್ಟಿಗೆ ಅಂಗೀಕೃತವಾಗಿದೆ. ಹಾಗಾದರೆ ಮೊಳಕಾಲ್ಮೂರಿನ ಬಂಡೆಯ ಮೇಲಿರುವುದು ಒಂದು ಧರ್ಮಸಂಚಾರದ ದಿನಗಣನೆ. ಸಂಚಾರ ಎಷ್ಟು ರಾತ್ರಿಗಳದೆಂದು ಅದು ಹೇಳುತ್ತದೆ. ಸಂಚಾರಿಯ ಅಂತರಂಗದಲ್ಲಿ ಏನು ಬದಲಾಯಿತೆಂದೂ ಹೇಳುತ್ತದೆ. ಸಂಚಾರಕ್ಕೊಳಗಾದ ಜನರು ಅದರಿಂದ ಏನು ಪಡೆದರೆಂಬುದು ಅದರಲ್ಲಿಲ್ಲ. ಮುಂದಿನ ಎರಡು ಸಹಸ್ರ ವರ್ಷಗಳ ಇಂತಹ ಬಹುತೇಕ ದಾಖಲೆಗಳಲ್ಲಿ ಇದೇ ಲಕ್ಷಣ ಪುನರಾವರ್ತನೆಗೊಳ್ಳುವುದನ್ನು ಕಾಣಬಹುದು.

ಸಂಚಾರದ ಮಿತಿಯನ್ನು ಅರಿತ ಅರಸ

ಅಶೋಕನ ಇತರ ಶಾಸನಗಳನ್ನು ಜೊತೆಗಿಟ್ಟು ಓದಿದಾಗ, ಸಂಚಾರವೊಂದರಿಂದಲೇ ಜನಹಿತ ಸಾಧ್ಯವಿಲ್ಲವೆಂಬ ಅರಿವು ಆತನಿಗೆ ಕ್ರಮೇಣ ಮೂಡಿದಂತೆ ತೋರುತ್ತದೆ. ಎಂಟನೆಯ ಶಿಲಾಶಾಸನದ ಪ್ರಕಾರ, ಹಿಂದಿನ ಅರಸರ ಬೇಟೆ ಮುಂತಾದ ವಿಹಾರಯಾತ್ರೆಗಳಿಗೆ ಪ್ರತಿಯಾಗಿ ಆತ ಪಟ್ಟಾಭಿಷೇಕದ ಹತ್ತನೆಯ ವರ್ಷದಿಂದ ಧರ್ಮಯಾತ್ರೆಗಳನ್ನು ಕೈಗೊಂಡ. ಶ್ರಮಣ–ಬ್ರಾಹ್ಮಣರ ದರ್ಶನ, ವೃದ್ಧರ ಭೇಟಿ ಮತ್ತು ಅವರಿಗೆ ದಾನ, ಜಾನಪದ ಜನರನ್ನು ಕಂಡು ಧರ್ಮವಿಚಾರ ಇವು ಆ ಯಾತ್ರೆಯ ಅಂಗಗಳು. ಇದರಿಂದ ತನಗೆ ಹೆಚ್ಚಿನ ಸಂತೋಷವಾಗುತ್ತದೆಂದು ಆತನೇ ಹೇಳಿಕೊಂಡಿದ್ದಾನೆ.

ಆದರೆ ಮೂರನೆಯ ಶಿಲಾಶಾಸನದಲ್ಲಿ, ಹನ್ನೆರಡನೆಯ ವರ್ಷದಲ್ಲಿ, ಯುಕ್ತರು, ರಜ್ಜುಕರು ಮತ್ತು ಪ್ರಾದೇಶಿಕರು ಐದು ವರ್ಷಗಳಿಗೊಮ್ಮೆ ತಪ್ಪದೆ ಪ್ರವಾಸ ಕೈಗೊಳ್ಳಬೇಕೆಂಬ ನಿಯಮ ಬಂದಿತು. ಇತರ ರಾಜಕಾರ್ಯಗಳೊಡನೆ ಧರ್ಮಬೋಧನೆಯೂ ಅವರ ಹೊಣೆಯಾಯಿತು. ಕಳಿಂಗದ ಪ್ರತ್ಯೇಕ ಶಾಸನದಲ್ಲಿ ಉಜ್ಜಯಿನಿ ಮತ್ತು ತಕ್ಷಶಿಲೆಗಳಿಂದ ಹೊರಡುವ ಅಧಿಕಾರಿಗಳಿಗೆ ಮೂರು ವರ್ಷಗಳ ಅವಧಿಯನ್ನು ಗೊತ್ತುಪಡಿಸಲಾಗಿದೆ. ಹದಿಮೂರನೆಯ ವರ್ಷದಲ್ಲಿ ಧರ್ಮಮಹಾಮಾತ್ರರೆಂಬ ಪ್ರತ್ಯೇಕ ಅಧಿಕಾರವರ್ಗವೇ ಸೃಷ್ಟಿಯಾಯಿತು. ಇಪ್ಪತ್ತಾರನೆಯ ವರ್ಷದ ನಾಲ್ಕನೆಯ ಸ್ತಂಭಶಾಸನದಲ್ಲಿ, ಮಗುವನ್ನು ನಿಪುಣಳಾದ ದಾದಿಯ ಕೈಗೆ ಒಪ್ಪಿಸುವ ತಂದೆತಾಯಿಗಳ ನೆಮ್ಮದಿಯನ್ನು ಹೋಲಿಕೆಯಾಗಿ ಹೇಳಿ, ಗ್ರಾಮೀಣ ಜನರ ಹಿತವನ್ನು ರಜ್ಜುಕರಿಗೆ ವಹಿಸಲಾಗಿದೆ. ಅರಸನ ಒಂದು ಸಲದ ಭೇಟಿಯಿಂದ ಅಧಿಕಾರಿಗಳ ನಿಯತಕಾಲಿಕ ಭೇಟಿಗೆ, ಅಲ್ಲಿಂದ ಸ್ಥಳದಲ್ಲೇ ಇರುವ ಹೊಣೆಗಾರನಿಗೆ ಎಂಬ ಈ ಕ್ರಮ ಆಕಸ್ಮಿಕವಾಗಿರಲಾರದು.

ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠ ಈ ದೃಷ್ಟಿಯಿಂದ ಇನ್ನಷ್ಟು ಸ್ಪಷ್ಟವಾಗಿದೆ. ರಜ್ಜುಕನು ಭೇರಿಯ ಮೂಲಕ ಜಾನಪದ ಜನರಿಗೂ ರಾಷ್ಟ್ರಿಕರಿಗೂ ಸಾರಬೇಕೆಂದೂ, ಆನೆ ಏರುವವರು, ಕರಣಿಕರು, ಬ್ರಾಹ್ಮಣ ಉಪಾಧ್ಯಾಯರು ತಮ್ಮ ತಮ್ಮ ವಲಯದಲ್ಲಿ ಶಿಷ್ಯರಿಗೆ ಕಲಿಸಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಪರಸ್ಥಳದಿಂದ ಬಂದ ಮಾತನ್ನು ಸ್ಥಳೀಯ ಬಾಯಿಗಳಿಗೆ ವರ್ಗಾಯಿಸುವ ಏರ್ಪಾಡು ಇದು.

ಬ್ರಹ್ಮಗಿರಿಯ ಎರಡನೆಯ ಶಾಸನಭಾಗದ ವಸ್ತುವೂ ವಿಚಾರಾರ್ಹ. ತಾಯಿತಂದೆಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನ, ಆಚಾರ್ಯರಲ್ಲಿ ಗೌರವ, ಬಂಧುಗಳಲ್ಲಿ ತಕ್ಕ ನಡವಳಿಕೆ ಇವನ್ನು ಹೇಳಿ, ಇದು ಪುರಾತನ ಪ್ರಕೃತಿ, ದೀರ್ಘಾಯುಷ್ಯವನ್ನು ತರುವಂಥದು ಎಂದು ಮುಗಿಸಲಾಗಿದೆ. ಹೊಸ ದೇವರನ್ನಾಗಲಿ ಹೊಸ ಮತವನ್ನಾಗಲಿ ಇಲ್ಲಿ ಹೇರಿಲ್ಲ. ನೀವು ಹಿಂದಿನಿಂದ ನಡೆಸಿಕೊಂಡು ಬಂದುದನ್ನೇ ಬಲಪಡಿಸಿಕೊಳ್ಳಿ ಎಂಬ ಧಾಟಿಯಿದೆ. ಬಂದವನು ತನ್ನ ಬೋಧನೆಯ ಬೇರುಗಳನ್ನು ಆ ನೆಲದಲ್ಲೇ ಹುಡುಕಿದ ನಿದರ್ಶನವೆಂದು ಇದನ್ನು ಪರಿಗಣಿಸಬಹುದು.

ಬಂಡೆಗಳು ಹೇಳುವ ಇನ್ನೊಂದು ಕಥೆ

ಇಷ್ಟಾದರೂ ಈ ಏರ್ಪಾಡು ಇಸಿಲದ ಜನರನ್ನು ಎಷ್ಟರಮಟ್ಟಿಗೆ ಮುಟ್ಟಿತು? ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ; ಎರಡೂ ಇಲ್ಲಿಯವಲ್ಲ. ಬರೆದ ಲಿಪಿಕಾರ ಚಪಡನು ತನ್ನ ಹೆಸರಿನ ಜೊತೆಯ ‘ಲಿಪಿಕರೇಣ’ ಎಂಬ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಆತನೂ ದೂರದ ಆ ಭಾಗದೊಡನೆ ಸಂಬಂಧವಿದ್ದ ಸಂಚಾರಿ. ಅರ್ಥ ತಿಳಿಯಬೇಕಾದರೆ ಓದಿ ಹೇಳುವವರೂ ತಿಳಿಗನ್ನಡದಂತಹ ನೆಲದ ನುಡಿಗೆ ತರುವವರೂ ಬೇಕಿತ್ತು. ಅಂಥವರು ಇರುವವರೆಗೆ ಸಂದೇಶ ಜೀವಂತ. ಮೌರ್ಯ ಆಡಳಿತ ಹಿಂದೆ ಸರಿದು ಅವರು ಇಲ್ಲವಾದ ಮೇಲೆ ಬಂಡೆ ಮೂಕವಾಯಿತು.

ಬ್ರಹ್ಮಗಿರಿಯಲ್ಲಿ ಎಂ. ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿಯೂ, ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಉತ್ಖನನ ನಡೆಸಿದರು. ಕಲ್ಲುಕೊಡಲಿ ಸಂಸ್ಕೃತಿ, ಬೃಹತ್ ಶಿಲಾ ಸಂಸ್ಕೃತಿ, ಆಂಧ್ರ ಸಂಸ್ಕೃತಿ ಎಂಬ ಮೂರು ಹಂತಗಳನ್ನು ವೀಲರ್ ಗುರುತಿಸಿದರು. ಅವರು ನಿಗದಿಪಡಿಸಿದ ಕಾಲಮಾನವನ್ನು ಮುಂದಿನ ಸಂಶೋಧನೆಗಳು ಬಹಳ ಹಿಂದಕ್ಕೆ ಒಯ್ದಿವೆ. ಆದರೂ ಕಲ್ಲುಗೋರಿಗಳ ಶವಸಂಸ್ಕಾರ ಪದ್ಧತಿ ಮೌರ್ಯರ ಕಾಲವನ್ನು ದಾಟಿ ಮುಂದುವರಿಯಿತೆಂಬ ಅಂಶ ಉಳಿದುಕೊಂಡಿದೆ. ಸಾಮ್ರಾಟನ ಧರ್ಮಘೋಷಣೆ ಕೇಳಿದ ಬಳಿಕವೂ ಇಲ್ಲಿಯ ಜನ ತಮ್ಮ ಸತ್ತವರನ್ನು ತಮ್ಮ ರೀತಿಯಲ್ಲಿಯೇ ಕಳುಹಿಸಿಕೊಟ್ಟರು.

ಬಂಡೆಗಳಿಗೆ ಊರವರು ಕೊಟ್ಟ ಹೆಸರುಗಳು ಇದಕ್ಕಿಂತ ಹೃದ್ಯವಾದ ಸಾಕ್ಷ್ಯ. ಬ್ರಹ್ಮಗಿರಿಯ ಬಂಡೆ ‘ಅಕ್ಷರಗುಂಡು’ ಎನಿಸಿತು. ಅಲ್ಲಿರುವುದು ಅಕ್ಷರವೆಂಬ ನೆನಪು ಉಳಿಯಿತು. ಅಕ್ಷರದ ಅರ್ಥ ಹೋಯಿತು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಬಂಡೆ ‘ಬಳೆಗಾರ ಗುಂಡು’ ಆಯಿತು. ಜಾತ್ರೆಯ ಕಾಲದಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದೇ ಆ ಹೆಸರಿಗೆ ಕಾರಣ. ಅಲ್ಲಿಯ ಬರಹ ಮೂರರಲ್ಲಿ ಹೆಚ್ಚು ಸವೆದಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವವರೆಗೆ ಈ ಲಿಪಿಯನ್ನು ಬಲ್ಲವರು ದೇಶದಲ್ಲೇ ಇರಲಿಲ್ಲ. ಜನರು ಬಂಡೆಯನ್ನು ಕಡೆಗಣಿಸಲಿಲ್ಲ, ತಮ್ಮ ಉಪಯೋಗಕ್ಕೆ ಒಗ್ಗಿಸಿಕೊಂಡರು. ಸಂಚಾರಿ ಬಿಟ್ಟುಹೋದ ವಸ್ತು ಅವನ ಇಷ್ಟದಂತೆ ಬದುಕುವುದಿಲ್ಲ. ಉಳಿದವರ ಇಷ್ಟದಂತೆ ಬದುಕುತ್ತದೆ.

ಚರ ಮತ್ತು ಸ್ಥಿರ

ಕನ್ನಡ ನಾಡಿನ ಧಾರ್ಮಿಕ ಪರಂಪರೆಗಳಿಗೆ ಸಂಚಾರ ಅಪರಿಚಿತವಲ್ಲ. ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೆಡೆ ನೆಲೆಸುವುದು, ಜೈನ ಮುನಿಗಳು ಚಾತುರ್ಮಾಸ ಆಚರಿಸುವುದು, ವೀರಶೈವ ಪರಂಪರೆಯಲ್ಲಿ ಚರಜಂಗಮರು ಊರೂರು ಸಂಚರಿಸುವುದು ಪ್ರಸಿದ್ಧ. ಚರ ಮತ್ತು ಸ್ಥಿರ ಎಂಬ ಪಟ್ಟಭೇದವೇ ಮಠಗಳಲ್ಲಿದೆ. ಇಲ್ಲಿ ಸಂಚಾರಕ್ಕೆ ಕೊಟ್ಟ ಮುಖ್ಯ ಕಾರಣ ಗಮನಿಸಬೇಕಾದುದು: ಒಂದೇ ಸ್ಥಳದ ಮೋಹ ಸನ್ಯಾಸಿಗೆ ಅಂಟಬಾರದು. ಅಂದರೆ ಸಂಚಾರವು ಮೊದಲಿಗೆ ಸಂಚಾರಿಯ ಸಾಧನೆ. ಊರಿನ ಉಪಕಾರಕ್ಕಾಗಿಯೇ ತಾನು ಸಂಚರಿಸುತ್ತೇನೆಂಬ ಹಮ್ಮು ಅದಕ್ಕಿರಲಿಲ್ಲ. ಬದಲಾಗಿ ಊರಿನವರ ಭಿಕ್ಷೆಯಿಂದ ಸಂಚಾರಿ ಬದುಕುತ್ತಿದ್ದ. ಉಪಕಾರದ ಲೆಕ್ಕದಲ್ಲಿ ಋಣಿ ಯಾರೆಂಬುದು ಸ್ಪಷ್ಟವಾಗಿತ್ತು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಐತಿಹ್ಯ ಈ ಸಂದರ್ಭದಲ್ಲಿ ಮಹತ್ವದ್ದು. ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಪರಿಗಣಿತರಾದ ಅವರು ಸಂಚಾರ ಮಾಡುತ್ತ ಈ ಸೀಮೆಗೆ ಬಂದವರು. ಆದರೆ ಇಲ್ಲಿಯೇ ನಿಂತು, ಬರಗಾಲದ ಈ ನೆಲದಲ್ಲಿ ಜನರಿಂದ ಕೆರೆಗಳನ್ನು ಕಟ್ಟಿಸಿದರೆಂಬ ನಂಬಿಕೆ ಪ್ರಬಲವಾಗಿದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಹೆಸರಿನ ನುಡಿ ಈಗಲೂ ಈ ಭಾಗದಲ್ಲಿ ಮನೆಮಾತು. ದುಡಿದಷ್ಟೇ ಪ್ರತಿಫಲ ಎಂಬ ಅರ್ಥದಲ್ಲಿ ಅದನ್ನು ಗ್ರಹಿಸಲಾಗುತ್ತದೆ. ಒಳಮಠ ಮತ್ತು ಹೊರಮಠಗಳು ಅವರ ನೆಲೆ ಹಾಗೂ ಸಮಾಧಿಗಳ ಸ್ಮಾರಕಗಳಾಗಿವೆ. ಫಾಲ್ಗುಣದ ರಥೋತ್ಸವಕ್ಕೆ ಅಪಾರ ಜನ ಸೇರುತ್ತಾರೆ.

ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಜನಮನಸ್ಸು ಯಾವ ಬಗೆಯ ಆಗಂತುಕನನ್ನು ಉಪಕಾರಿಯೆಂದು ಒಪ್ಪಿಕೊಂಡಿತು ಎಂಬುದಕ್ಕೆ ಐತಿಹ್ಯಕ್ಕಿಂತ ಉತ್ತಮ ಸಾಕ್ಷ್ಯ ಸಿಗುವುದು ಕಷ್ಟ. ಆತ ನಿಂತವನು, ಊರಿನ ಮುಖ್ಯ ಕೊರತೆಯಾದ ನೀರನ್ನು ಕುರಿತು ಯೋಚಿಸಿದವನು, ಕೆಲಸವನ್ನು ಜನರ ಕೈಯಿಂದಲೇ ಮಾಡಿಸಿದವನು. ಸಾಮ್ರಾಟನ ಹೆಸರು ಅಳಿದುಹೋದ ಸೀಮೆಯಲ್ಲಿ ಕೆರೆ ಕಟ್ಟಿಸಿದವರ ಹೆಸರನ್ನು ಮಕ್ಕಳಿಗೆ ಇಡುತ್ತಾರೆ. ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇರುದ್ರಪ್ಪ ಎಂಬ ಹೆಸರುಗಳು ಈ ಎರಡು ತಾಲ್ಲೂಕುಗಳಲ್ಲಿ ಸರ್ವೇಸಾಮಾನ್ಯ.

ಜಾತ್ರೆಗಳಲ್ಲಿ ಮಿಷನರಿಗಳು

ಮೊಳಕಾಲ್ಮೂರಿಗೆ ಹತ್ತಿರದ ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿದರು. ನೆಲೆ ಬಳ್ಳಾರಿಯಾದರೂ ಸುತ್ತಣ ಹಳ್ಳಿಗಳಿಗೆ ಸಂಚಾರ ಹೋಗುವುದು, ಹಂಪಿಯಂತಹ ಜಾತ್ರೆಗಳಲ್ಲಿ ಉಪದೇಶಿಸಿ ಕಿರುಹೊತ್ತಗೆಗಳನ್ನು ಹಂಚುವುದು ಆ ಮಿಷನ್ನಿನ ಕಾರ್ಯವಿಧಾನವಾಗಿತ್ತು. ಅಂದಿನ ಮಿಷನ್ ವರದಿಗಳಲ್ಲಿ ಸುತ್ತಿದ ಊರುಗಳು, ಮಾಡಿದ ಉಪದೇಶಗಳು, ಹಂಚಿದ ಹೊತ್ತಗೆಗಳು ಎಣಿಕೆಗೆ ಸಿಗುತ್ತವೆ. ಅಕ್ಷರ ಬಾರದ ಬಹುಸಂಖ್ಯಾತರ ಕೈಗೆ ಮುದ್ರಿತ ಹಾಳೆ ಕೊಡುವುದಕ್ಕೂ, ಪ್ರಾಕೃತ ಬಾರದ ಊರಿನಲ್ಲಿ ಬಂಡೆಗೆ ಬ್ರಾಹ್ಮಿ ಕೆತ್ತುವುದಕ್ಕೂ ಹೆಚ್ಚಿನ ಅಂತರವಿಲ್ಲ.

ಆದರೆ ಇದೇ ಮಿಷನ್ನಿನ ಸ್ಥಿರವಾದ ಕೆಲಸಗಳು ಬೇರೆಯೇ ಫಲ ನೀಡಿದವು. ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ಕನ್ನಡ ಕಲಿತು ಬೈಬಲ್ಲನ್ನು ಅನುವಾದಿಸಿದರು. 1831ರ ಹೊತ್ತಿಗೆ ಅದು ಪೂರ್ಣವಾಗಿ ಮುದ್ರಿತವಾಯಿತು. ಇದೇ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾದವು. ಬಳ್ಳಾರಿಯ ವಾರ್ಡ್ಲಾ ಶಾಲೆ ಮತಾಂತರದ ಎಣಿಕೆಯನ್ನು ಮೀರಿ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಉಪಯೋಗವಾಯಿತು. ಮತಪ್ರಚಾರದ ಉದ್ದೇಶವನ್ನು ಒಪ್ಪಲಿ ಬಿಡಲಿ, ಕನ್ನಡದ ಗದ್ಯ, ಮುದ್ರಣ ಮತ್ತು ನಿಘಂಟುಶಾಸ್ತ್ರದ ಇತಿಹಾಸಕಾರರು ಇವನ್ನು ಬಿಟ್ಟು ಮುಂದುವರಿಯಲಾರರು.

ಮೈಸೂರು ಸೀಮೆಯಲ್ಲಿ ದೀರ್ಘಕಾಲ ದೇಶೀಯ ವೇಷಭೂಷಣ ಧರಿಸಿ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್ ಅವರ ನಿದರ್ಶನ ಇನ್ನೂ ತೀಕ್ಷ್ಣ. ಮೂರು ದಶಕಗಳ ವಾಸದ ಬಳಿಕ, 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಮತಾಂತರದ ಪ್ರಯತ್ನ ವಿಫಲವಾಗಿದೆಯೆಂದು ಅವರೇ ಬರೆದರು. ಆದರೆ 1803–04ರಲ್ಲಿ ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದ ಅವರ ಕಾರ್ಯ ವಿಫಲವಾಗಲಿಲ್ಲ. ಪರಿಚಿತರಲ್ಲದವರು ತೋಳಿಗೆ ಸೂಜಿ ಚುಚ್ಚುವುದನ್ನು ಅಂದಿನ ಜನ ಒಪ್ಪುವುದು ಸುಲಭವಿರಲಿಲ್ಲ. ವರ್ಷಗಳ ಸಹವಾಸದಿಂದ ಬೆಳೆದ ನಂಬಿಕೆ ಅಲ್ಲಿ ಕೆಲಸ ಮಾಡಿರಬೇಕು.

ಇಪ್ಪತ್ತನೆಯ ಶತಮಾನದ ಪ್ರಶ್ನೆ

ವಿಮಾನಯಾನ ಸುಲಭವಾದ ಮೇಲೆ ಅಲ್ಪಾವಧಿಯ ಸೇವಾಯಾತ್ರೆಗಳು ಜಗತ್ತಿನಾದ್ಯಂತ ಹೆಚ್ಚಿದವು. 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕ್ವೆರ್ನವಾಕದಲ್ಲಿ, ಅಮೆರಿಕದಿಂದ ಬರುವ ಸ್ವಯಂಸೇವಕ ವಿದ್ಯಾರ್ಥಿಗಳ ಸಭೆಯನ್ನು ಉದ್ದೇಶಿಸಿ ಮಾತನಾಡಿದ ಚಿಂತಕ ಇವಾನ್ ಇಲಿಚ್, ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಸಹಾಯ ಮಾಡುವ ಹೆಸರಿನಲ್ಲಿ ಬರಬೇಡಿ ಎಂಬ ಅರ್ಥದ ಕಟು ಮಾತುಗಳನ್ನಾಡಿದರು. ಭಾಷೆ ತಿಳಿಯದವನಿಗೆ ತಾನು ಮಾಡಿದ ಹಾನಿಯೂ ತಿಳಿಯುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು.

1998ರ ಮಿಚ್ ಚಂಡಮಾರುತದ ಬಳಿಕ ಹೊಂಡುರಾಸ್‌ನಲ್ಲಿ ನಡೆದ ಮನೆ ನಿರ್ಮಾಣವನ್ನು ಕುರಿತು ಕರ್ಟ್ ವೆರ್ ಬೇಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಅಂಕಿ ಅಂಶಗಳ ನೆಲೆ ಒದಗಿಸಿತು. ಸ್ಥಳೀಯರು ಸುಮಾರು 2,000 ಡಾಲರ್‌ಗಳಲ್ಲಿ ಕಟ್ಟಬಹುದಾದ ಮನೆಗೆ, ಉತ್ತರ ಅಮೆರಿಕದ ತಂಡ ಬಂದು ಕಟ್ಟಿದಾಗ ಪ್ರಯಾಣವೆಚ್ಚವೂ ಸೇರಿ ಸುಮಾರು 30,000 ಡಾಲರ್ ತಗಲುತ್ತಿತ್ತು. ಮನೆ ಪಡೆದ ಕುಟುಂಬಗಳ ಬದುಕಿನ ಮೇಲಾದ ಪರಿಣಾಮದಲ್ಲಿ, ಕಟ್ಟಿದವರು ಯಾರೆಂಬುದರಿಂದ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಹೋಗಿಬಂದವರ ಬದುಕಿನಲ್ಲಿ ಆದ ಬದಲಾವಣೆಯೂ ಅವರು ಭಾವಿಸಿದಷ್ಟು ಆಳವಾಗಿರಲಿಲ್ಲ. 256 ರಾತ್ರಿಗಳ ಶಾಸನವನ್ನು ಓದಿದವರಿಗೆ ಈ ನಿಷ್ಕರ್ಷೆ ಅಪರಿಚಿತವೆನಿಸದು.

ಭಾರತದಲ್ಲಿ ಇದಕ್ಕೆ ಸಮಾನವಾದ ಲೌಕಿಕ ಪ್ರಯೋಗವೆಂದರೆ ರಾಷ್ಟ್ರೀಯ ಸೇವಾ ಯೋಜನೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಅದು ಆರಂಭವಾಯಿತು. ವರ್ಷಕ್ಕೊಂದು ವಿಶೇಷ ಶಿಬಿರ ಅದರ ಅಂಗ. ಹಳ್ಳಿಯನ್ನು ದತ್ತು ತೆಗೆದುಕೊಂಡು ಅದೇ ಹಳ್ಳಿಗೆ ಮರಳಿ ಹೋಗಬೇಕೆಂಬ ಆಶಯ ಯೋಜನೆಯಲ್ಲಿದೆ. ವಿದ್ಯಾರ್ಥಿಯ ವ್ಯಕ್ತಿತ್ವ ವಿಕಾಸವೇ ಮುಖ್ಯ ಗುರಿಯೆಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಚರಜಂಗಮನಂತೆ ಇಲ್ಲಿಯೂ ಸಂಚಾರಿ ಕಲಿಯುವವನೆಂಬ ಒಪ್ಪಿಗೆಯಿದೆ. ಶಿಬಿರದ ನೈತಿಕ ಬಲ ಈ ಪ್ರಾಮಾಣಿಕತೆಯಲ್ಲಿದೆ.

ಗೊಲ್ಲರಹಟ್ಟಿಯ ಅನುಭವ

ಮುಟ್ಟು ಮತ್ತು ಹೆರಿಗೆಯ ಸಮಯದಲ್ಲಿ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಉಳಿಯಬೇಕೆಂಬ ಕಾಡುಗೊಲ್ಲರ ಆಚರಣೆ, ಈ ಸೀಮೆಗೆ ಬರುವ ಹಿತಚಿಂತಕರ ಗಮನವನ್ನು ದಶಕಗಳಿಂದ ಸೆಳೆದಿದೆ. ಮಳೆ, ಚಳಿ, ಹಾವುಹುಳುಗಳ ನಡುವೆ ಬಾಣಂತಿ ಮತ್ತು ಹಸುಗೂಸು ಎದುರಿಸುವ ಅಪಾಯ ನೈಜವಾದುದು. ಹಾಗಾಗಿ ಇಲ್ಲಿ ಸುಮ್ಮನಿರುವುದು ಹಿತವೆಂದು ಯಾರೂ ಹೇಳಲಾರರು. ಅಧಿಕಾರಿಗಳು, ಆಯೋಗಗಳ ಸದಸ್ಯರು, ಸಂಘಸಂಸ್ಥೆಗಳು ಹಟ್ಟಿಗಳಿಗೆ ಭೇಟಿ ನೀಡಿ ಜಾಗೃತಿ ಮೂಡಿಸಲು ಯತ್ನಿಸಿದ್ದಾರೆ. ಭೇಟಿಯ ದಿನ ಹೆಣ್ಣುಮಕ್ಕಳು ಮನೆಯೊಳಗಿದ್ದು, ಮರುದಿನ ಮತ್ತೆ ಹೊರಗಿರುವ ಸಾಧ್ಯತೆಯನ್ನು ತಡೆಯುವ ಶಕ್ತಿ ಒಂದು ದಿನದ ಭೇಟಿಗೆ ಇಲ್ಲ.

ತುಮಕೂರು–ಚಿತ್ರದುರ್ಗ ಭಾಗದ ಕೆಲವು ಹಟ್ಟಿಗಳಲ್ಲಿ ಸರ್ಕಾರದ ವತಿಯಿಂದ ಕಟ್ಟಿಸಿದ ‘ಕೃಷ್ಣ ಕುಟೀರ’ಗಳು ಸದುದ್ದೇಶದ ದ್ವಂದ್ವವನ್ನು ತೋರಿಸುತ್ತವೆ. ಬಯಲಿನಲ್ಲಿ ಅಥವಾ ಗುಡಿಸಿಲಿನಲ್ಲಿ ಇರುವ ಬದಲು ಸುರಕ್ಷಿತ ಕಟ್ಟಡದಲ್ಲಿ ಇರಲಿ ಎಂಬುದು ಅವುಗಳ ಉದ್ದೇಶ. ಹೊರಗಿಡುವ ಪದ್ಧತಿಗೇ ಅವು ಸಿಮೆಂಟಿನ ಭದ್ರತೆ ನೀಡಿದವು ಎಂಬುದು ವಿರೋಧಿಗಳ ಆಕ್ಷೇಪ. ಎರಡು ವಾದಗಳಲ್ಲಿಯೂ ಸತ್ಯವಿದೆ. ಜಟಿಂಗ ರಾಮೇಶ್ವರದ ಬಂಡೆ ಬಳೆಗಾರರ ಅಂಗಡಿಯಾದಂತೆ, ಹೊರಗಿನವರು ಬಿಟ್ಟುಹೋದ ಕಟ್ಟಡವನ್ನು ಒಳಗಿನ ಕಟ್ಟಳೆ ತನ್ನ ಉಪಯೋಗಕ್ಕೆ ಒಗ್ಗಿಸಿಕೊಂಡಿತು. ಮುಟ್ಟಾದ ಅಥವಾ ಗರ್ಭಿಣಿಯಾದ ಹೆಣ್ಣನ್ನು ಬಲವಂತವಾಗಿ ಪ್ರತ್ಯೇಕಿಸುವುದನ್ನು ನಿಷೇಧಿಸುವ ಅಂಶವುಳ್ಳ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಅಧಿನಿಯಮ 2020ರ ಜನವರಿಯಿಂದ ಜಾರಿಗೆ ಬಂದಿದೆ. ಆದರೆ ದೂರು ಕೊಡಬೇಕಾದ ಹೆಣ್ಣುಮಗಳು ಅದೇ ಹಟ್ಟಿಯಲ್ಲಿ ಬಾಳಬೇಕಾದವಳು. ಕಾನೂನಿನ ಅರಿವು ಮೂಡಿಸಿ ಹೋದವರು ಆಕೆಯ ನೆರೆಯಲ್ಲಿರುವುದಿಲ್ಲ.

ಈ ಕಾರಣದಿಂದಲೇ ಸ್ಥಳೀಯ ಕಾರ್ಯಕರ್ತೆಯ ಪಾತ್ರ ಹಿರಿದು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾ ಕಾರ್ಯಕರ್ತೆ ಅದೇ ಊರಿನ ನಿವಾಸಿಯಾಗಿರಬೇಕೆಂಬ ನಿಯಮವನ್ನಿಟ್ಟಿತು. ಆಕೆಗೆ ಸಂಬಳದ ನೌಕರಿಯ ಭದ್ರತೆಯಿಲ್ಲ, ಹೊಣೆ ಮಾತ್ರ ಬಹಳ. ಆದರೂ ಬಸುರಿಯ ಮನೆಗೆ ಹಲವು ಸಲ ಹೋಗಬಲ್ಲವಳು, ನಡುರಾತ್ರಿಯಲ್ಲಿ ಕರೆದರೆ ಬರಬಲ್ಲವಳು, ಅತ್ತೆಯ ಮಾತಿಗೆ ಅದೇ ನುಡಿಯಲ್ಲಿ ಉತ್ತರ ಕೊಡಬಲ್ಲವಳು ಆಕೆ. ಅಶೋಕನ ಶಾಸನದ ದಾದಿಯ ಹೋಲಿಕೆಗೆ ಇಷ್ಟು ಹತ್ತಿರದ ಆಧುನಿಕ ನಿದರ್ಶನ ಬೇರೊಂದಿರಲಾರದು.

ಸಂಶೋಧಕರೂ ಸಂಚಾರಿಗಳೇ

ಈ ಪರೀಕ್ಷೆಯಿಂದ ವಿದ್ವತ್ ಲೋಕಕ್ಕೂ ವಿನಾಯಿತಿಯಿಲ್ಲ. ಶಾಸನಗಳ ಪ್ರತಿ ತೆಗೆಯಲು ಬಂದವರು, ಉತ್ಖನನ ನಡೆಸಿದವರು, ಜನಾಂಗ ವರ್ಣನೆ ಬರೆದವರು, ಕಾವ್ಯ–ಕಥನಗಳನ್ನು ಧ್ವನಿಮುದ್ರಿಸಿಕೊಂಡವರು ಎಲ್ಲರೂ ಈ ಸೀಮೆಗೆ ಅಲ್ಪಾವಧಿಯ ಅತಿಥಿಗಳಾಗಿ ಬಂದವರು. ಅಕ್ಷರಗುಂಡಿನ ಅರ್ಥವನ್ನು ಮರಳಿ ನಾಡಿಗೆ ಕೊಟ್ಟ ಶ್ರೇಯಸ್ಸು ಇಂತಹ ಸಂಚಾರಕ್ಕೆ ಸಲ್ಲುತ್ತದೆ. ಆದರೆ ಆ ಅರ್ಥ ವಿದ್ವತ್ ಸಂಪುಟಗಳನ್ನು ಸೇರಿದಷ್ಟು ಬೇಗ ಸಿದ್ದಾಪುರದ ಶಾಲೆಯನ್ನು ಸೇರಿತೆಂದು ಹೇಳಲಾಗದು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದ ಬಗೆ ಇಲ್ಲಿ ಉಲ್ಲೇಖಾರ್ಹ. ಅಕ್ಷರವರಿಯದ ಆ ಹಾಡುಗಾರ್ತಿಯ ಸ್ಮೃತಿಭಂಡಾರ ಒಂದು ಭೇಟಿಗೆ ತೆರೆದುಕೊಳ್ಳುವಂಥದಾಗಿರಲಿಲ್ಲ. ಮತ್ತೆ ಮತ್ತೆ ಹೋಗಿ ಕೇಳಿದುದರಿಂದಲೇ ಆ ಹಾಡುಗಳು ಗ್ರಂಥರೂಪ ಪಡೆದವು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಸಂಗ್ರಾಹಕನ ಹೆಸರಿನ ಜೊತೆಗೆ ಹಾಡಿದವಳ ಹೆಸರೂ ನಾಡಿಗೆ ತಿಳಿಯಿತು. ಕೊಟ್ಟವರ ಹೆಸರನ್ನು ದಾಖಲಿಸದ ಕ್ಷೇತ್ರಕಾರ್ಯಗಳ ರಾಶಿಯ ನಡುವೆ ಇದು ಗಮನಿಸತಕ್ಕ ಭಿನ್ನತೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಅಲ್ಪಾವಧಿಯ ಸಂಚಾರಗಳೆಲ್ಲ ನಿರರ್ಥಕವೆಂಬ ತೀರ್ಮಾನ ಹೊರಡುವುದಿಲ್ಲ. ಸಂಚಾರ ಮುಗಿದ ಮೇಲೆ ಕೆಲಸ ಮುಂದುವರಿಸುವ ಸ್ಥಳೀಯ ಹೊಣೆಗಾರ ಇದ್ದಲ್ಲಿ, ಹೇಳಿದ ಮಾತು ಆ ನೆಲದ ನುಡಿಯಲ್ಲಿಯೂ ನಡೆಯಲ್ಲಿಯೂ ಬೇರು ಪಡೆದಲ್ಲಿ, ಬಂದವರು ಮತ್ತೆ ಬಂದು ಫಲವನ್ನು ವಿಚಾರಿಸಿದಲ್ಲಿ ಅದು ಊರಿಗೆ ಉಪಕಾರವಾಗಿದೆ. ಇವು ಇಲ್ಲದಲ್ಲಿ ಸಂಚಾರದ ಲಾಭ ಬಹುಮಟ್ಟಿಗೆ ಸಂಚಾರಿಗೇ ಸಂದಿದೆ. ಆ ಲಾಭವೂ ಹೀನವಾದುದಲ್ಲ. ಅದನ್ನು ಪರೋಪಕಾರವೆಂದು ಲೆಕ್ಕ ಬರೆಯುವುದು ಮಾತ್ರ ತಪ್ಪು.

ಮೂಲಾಧಾರಗಳ ಏಕಪಕ್ಷೀಯತೆ ಈ ಕ್ಷೇತ್ರದ ದೊಡ್ಡ ಕೊರತೆ. ಸುವರ್ಣಗಿರಿಯಿಂದ ಇಸಿಲಕ್ಕೆ ಬಂದ ಪತ್ರ ಬಂಡೆಯ ಮೇಲೆ ಉಳಿದಿದೆ. ಇಸಿಲದಿಂದ ಸುವರ್ಣಗಿರಿಗೆ ಹೋದ ಉತ್ತರ ಉಳಿದಿಲ್ಲ. ಮಿಷನ್ ವರದಿಗಳು, ಶಿಬಿರಗಳ ವಾರ್ಷಿಕ ವರದಿಗಳು, ಅಭಿಯಾನಗಳ ಅಂಕಿ ಅಂಶಗಳು ಎಲ್ಲವೂ ಬಂದವರ ಬರಹಗಳೇ. ಮ್ಯಾಸಬೇಡರ ಹಾಗೂ ಕಾಡುಗೊಲ್ಲರ ಮೌಖಿಕ ಪರಂಪರೆಯಲ್ಲಿ ಹೊರಗಿನವರ ಆಗಮನ ಹೇಗೆ ಚಿತ್ರಿತವಾಗಿದೆ, ಹಟ್ಟಿಯ ಹೆಣ್ಣುಮಕ್ಕಳು ತಮ್ಮನ್ನು ನೋಡಲು ಬಂದವರನ್ನು ಕುರಿತು ಏನು ಹೇಳುತ್ತಾರೆ ಎಂಬುದನ್ನು ಸಂಗ್ರಹಿಸಿದಾಗ ಮಾತ್ರ ಈ ಇತಿಹಾಸದ ಇನ್ನೊಂದು ಪುಟ ತೆರೆಯುತ್ತದೆ. ಆ ಕೆಲಸವನ್ನು ಹಟ್ಟಿಗಳಲ್ಲಿಯೇ ಹುಟ್ಟಿ ಬೆಳೆದು ಈಗ ವಿಶ್ವವಿದ್ಯಾಲಯಗಳನ್ನು ಸೇರುತ್ತಿರುವ ಯುವ ಸಂಶೋಧಕರು ಕೈಗೆತ್ತಿಕೊಳ್ಳುವುದು ಅಪೇಕ್ಷಣೀಯ. ಅವರು ಅಲ್ಲಿಗೆ ಸಂಚಾರಿಗಳಾಗಿ ಹೋಗಬೇಕಾಗಿಲ್ಲ.